ಚೊಚ್ಚಲ ಯಾನದ ಬಂದರು

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಟೆಸ್ಟ್ ಮತ್ತು ಇಚೆನ್ ಎಂಬ ಎರಡು ನದಿಗಳು ಕೂಡುವೆಡೆಯಲ್ಲಿ ಸೌತಾಂಪ್ಟನ್ ನಗರವಿದೆ. ಕಡಲಿನ ಕಡೆಯಿಂದ ಬರುವವರಿಗೆ ಊರು ಒಮ್ಮೆಗೇ ಮುಖ ತೋರಿಸುವುದಿಲ್ಲ. ಮೊದಲು ಐಲ್ ಆಫ್ ವೈಟ್ ದ್ವೀಪ ಅಡ್ಡವಾಗಿ ನಿಂತಿದೆ. ಅದನ್ನು ಬಳಸಿ ಸೊಲೆಂಟ್ ಜಲಸಂಧಿಯನ್ನು ಹೊಕ್ಕು, ಬ್ರ್ಯಾಂಬಲ್ ಎಂಬ ಮರಳುದಿಣ್ಣೆಯ ಪಕ್ಕದಲ್ಲಿ ಎಚ್ಚರದಿಂದ ತಿರುವು ತೆಗೆದುಕೊಂಡು, ಅನಂತರ ನೆಟ್ಟಗೆ ಒಳಕ್ಕೆ ಸಾಗಿದ ಮೇಲೆ ಕ್ರೇನುಗಳೂ ಧಕ್ಕೆಗಳೂ ಕಣ್ಣಿಗೆ ಬೀಳುತ್ತವೆ. ಆ ಮರಳುದಿಣ್ಣೆ ಬಹಳ ವಿನೋದದ ಜಾಗ. ವರ್ಷಕ್ಕೊಮ್ಮೆ, ಕಡಲು ಅತಿಯಾಗಿ ಇಳಿದು ದಿಣ್ಣೆಯ ಬೆನ್ನು ನೀರಿನಿಂದ ಮೇಲೆದ್ದ ದಿನ, ಸುತ್ತಲಿನ ದೋಣಿ ಕ್ಲಬ್ಬುಗಳವರು ಅಲ್ಲಿಗೆ ಹೋಗಿ ಕ್ರಿಕೆಟ್ ಆಡಿ ಬರುತ್ತಾರೆ. ನೀರು ಮತ್ತೆ ಏರುವುದರೊಳಗೆ ಆಟ ಮುಗಿಯಬೇಕು, ಅಷ್ಟೆ.

ಈ ಬಂದರಿಗೆ ಪ್ರಕೃತಿ ಕೊಟ್ಟ ವರವೊಂದುಂಟು. ಉಳಿದ ಕಡೆ ಭರತ ಏರಿ ಕೂಡಲೇ ಇಳಿಯತೊಡಗಿದರೆ, ಇಲ್ಲಿ ಅದು ಒಮ್ಮೆ ಏರಿ, ತುಸು ತಗ್ಗಿ, ಸುಮಾರು ಎರಡು ಗಂಟೆಗಳ ಮೇಲೆ ಮತ್ತೊಮ್ಮೆ ತಲೆಯೆತ್ತುತ್ತದೆ. ನಡುವೆ ದ್ವೀಪವಿದ್ದು ನೀರು ಎರಡು ಬಾಗಿಲುಗಳಿಂದ ನುಗ್ಗುವುದೇ ಇದಕ್ಕೆ ಕಾರಣವೆಂದು ಊರವರು ಹೇಳುವುದುಂಟು. ಇಂಗ್ಲಿಷ್ ಕಡಲ್ಗಾಲುವೆಯ ಆಕಾರವೇ ನಿಜವಾದ ಕಾರಣವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಕಾರಣ ಯಾವುದಾದರೂ ಇರಲಿ, ತುಂಬಿದ ನೀರು ಬಹಳ ಹೊತ್ತು ನಿಲ್ಲುವುದರಿಂದ ದೊಡ್ಡ ಹಡಗುಗಳಿಗೆ ಇದು ಅನುಕೂಲದ ತಾಣವಾಯಿತು. 1907ರಲ್ಲಿ ವೈಟ್ ಸ್ಟಾರ್ ಕಂಪೆನಿ ತನ್ನ ನ್ಯೂಯಾರ್ಕ್ ಹಡಗುಗಳನ್ನು ಲಿವರ್‌ಪೂಲಿನಿಂದ ಇಲ್ಲಿಗೆ ತಂದಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಕ್ಯುನಾರ್ಡ್ ಕಂಪೆನಿಯೂ ಬಂದಿತು. ಹೀಗೆ ನೂರು ವರ್ಷಗಳಿಗೂ ಮೀರಿದ ಕಾಲ, ಹೊಸ ಹಡಗು ಮೊದಲ ಸಲ ಹೊರಡುವುದನ್ನು ಕಂಡು ಕಂಡು ಪಳಗಿದ ಊರು ಇದು. ಚೊಚ್ಚಲ ಯಾನಕ್ಕೆ ಟಿಕೆಟ್ ಕೊಳ್ಳಬೇಕೆ, ಬೇಡವೆ ಎಂದು ತೂಗಿ ನೋಡುವವರು ಸಲಹೆ ಕೇಳಬೇಕಾದದ್ದು ಕಂಪೆನಿಯ ಬಣ್ಣದ ಪುಸ್ತಿಕೆಯನ್ನಲ್ಲ, ಈ ಊರಿನ ಧಕ್ಕೆಗಳನ್ನು.

ಇಂಗ್ಲಿಷರು ಹಡಗಿನ ಮೊದಲ ಪಯಣವನ್ನು ಕನ್ಯೆಯ ಯಾನವೆನ್ನುತ್ತಾರೆ. ಆ ಮಾತಿನಲ್ಲಿ ಸೊಗಸಿದೆ, ಎಚ್ಚರಿಕೆಯಿಲ್ಲ. ಕನ್ನಡದ ‘ಚೊಚ್ಚಲು’ ಹಾಗಲ್ಲ. ಅದರಲ್ಲಿ ಸಂಭ್ರಮದೊಡನೆ ಆತಂಕವೂ ಬೆರೆತಿದೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಜನರಿಗೆ, ಮೊದಲನೆಯದೆಂದರೆ ಪಕ್ಕದಲ್ಲಿ ಬಲ್ಲವರಿರಬೇಕೆಂಬುದು ಗೊತ್ತು. ಹಡಗು ಕಟ್ಟುವವರಿಗೂ ಅದು ಗೊತ್ತಿತ್ತು.

1911ರ ಜೂನ್ 14ರಂದು ‘ಒಲಿಂಪಿಕ್’ ಇಲ್ಲಿಂದ ತನ್ನ ಮೊದಲ ಪಯಣಕ್ಕೆ ಹೊರಟಾಗ, ವೈಟ್ ಸ್ಟಾರ್ ಕಂಪೆನಿಯ ಮುಖ್ಯಸ್ಥ ಬ್ರೂಸ್ ಇಸ್ಮೆ ತಾನೂ ಹಡಗನ್ನೇರಿದ. ದಾರಿಯುದ್ದಕ್ಕೂ ಕೊರತೆಗಳ ಪಟ್ಟಿ ಮಾಡುವುದೇ ಅವನ ಕೆಲಸ. ಹಾಸಿಗೆಗಳ ಸ್ಪ್ರಿಂಗು ಅತಿಯಾಗಿ ಪುಟಿಯುತ್ತದೆ, ನೌಕರರ ಅಡಿಗೆಮನೆಗೆ ಆಲೂಗಡ್ಡೆ ಸಿಪ್ಪೆ ತೆಗೆಯುವ ಯಂತ್ರ ಬೇಕು – ಹೀಗೆ. ಒಲಿಂಪಿಕ್ಕಿನ ಪ್ರಯಾಣಿಕರು ಕಂಡ ಕುಂದುಗಳನ್ನು ಅದರ ತಂಗಿ ಹಡಗಿನಲ್ಲಿ ತಿದ್ದಲಾಯಿತು. ಮೇಲಂತಸ್ತಿನ ವಿಹಾರಪಥಕ್ಕೆ ಕಡಲಿನ ತುಂತುರು ಬಡಿಯುತ್ತಿತ್ತೆಂದು, ತಂಗಿ ಹಡಗಿನಲ್ಲಿ ಅದರ ಮುಂಭಾಗವನ್ನು ಗಾಜಿನಿಂದ ಮುಚ್ಚಿದರು. ಚೊಚ್ಚಲ ಯಾನದ ಪ್ರಯಾಣಿಕ ತಾನು ಹಣ ತೆತ್ತು, ಬೇರೊಬ್ಬರ ಸುಖಕ್ಕಾಗಿ ಹಡಗನ್ನು ಪರೀಕ್ಷೆ ಮಾಡಿಕೊಡುತ್ತಾನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಒಲಿಂಪಿಕ್ 1935ರವರೆಗೆ ದುಡಿಯಿತು. ಅದರ ಮೊದಲ ಪಯಣವನ್ನು ಇಂದು ನೆನೆಯುವವರು ವಿರಳ, ಏಕೆಂದರೆ ಅದು ಸುಖವಾಗಿ ಮುಗಿಯಿತು.

ತಂಗಿಯ ಹೆಸರು ‘ಟೈಟಾನಿಕ್’.

ಅದು ಹೊರಡಬೇಕಾಗಿದ್ದದ್ದು 1912ರ ಮಾರ್ಚ್ 20ರಂದು. ಹಿಂದಿನ ಸೆಪ್ಟೆಂಬರಿನಲ್ಲಿ ಒಲಿಂಪಿಕ್ ಇದೇ ಸೊಲೆಂಟಿನಲ್ಲಿ ‘ಹಾಕ್’ ಎಂಬ ಯುದ್ಧನೌಕೆಗೆ ಡಿಕ್ಕಿಯಾಗಿ, ಅದರ ದುರಸ್ತಿಗೆ ಕೆಲಸಗಾರರು ಬೇಕಾದದ್ದರಿಂದ ಟೈಟಾನಿಕ್ಕಿನ ತಾರೀಖು ಏಪ್ರಿಲ್ 10ಕ್ಕೆ ಬಿತ್ತು. ಚೊಚ್ಚಲ ಯಾನದ ತಾರೀಖನ್ನು ಕಲ್ಲಿನಲ್ಲಿ ಕೊರೆದ ಅಕ್ಷರವೆಂದು ನಂಬಬಾರದೆಂಬುದು ಅಂದಿನಿಂದಲೂ ಇರುವ ಪಾಠ.

ಅಷ್ಟರಲ್ಲಿ ಇನ್ನೊಂದು ವಿಪತ್ತು. ಬ್ರಿಟನ್ನಿನಾದ್ಯಂತ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ. ಇದ್ದಲಿಲ್ಲದೆ ಹಡಗುಗಳು ಸೌತಾಂಪ್ಟನ್ನಿನ ಧಕ್ಕೆಗಳಲ್ಲಿ ಸಾಲಾಗಿ ನಿಂತವು. ನಾವಿಕರೂ ಕುಲುಮೆಯಾಳುಗಳೂ ಕೂಲಿಯಿಲ್ಲದೆ ಮನೆಯಲ್ಲಿ ಕುಳಿತರು. ಹೊಸ ಹಡಗು ಮಾತ್ರ ಹೊರಡಲೇಬೇಕೆಂದು, ನಿಂತ ಹಡಗುಗಳ ಇದ್ದಲನ್ನು ತೆಗೆದು ಇದಕ್ಕೆ ತುಂಬಿದರು. ಅವುಗಳ ಪ್ರಯಾಣಿಕರನ್ನೂ ಇದಕ್ಕೆ ವರ್ಗಾಯಿಸಿದರು.

ಟೈಟಾನಿಕ್ಕಿನ ಕಥೆ ಹೇಳುವವರು ಕೋಟ್ಯಧೀಶರ ಕೋಣೆಗಳನ್ನೂ ಬೆಳ್ಳಿಯ ಚಮಚಗಳನ್ನೂ ಬಣ್ಣಿಸಿ, ಈ ಒಂದು ಸಂಗತಿಯನ್ನು ಮರೆಯುವುದುಂಟು. ಆ ಹಡಗಿನಲ್ಲಿ ಚೊಚ್ಚಲ ಯಾನವನ್ನು ಬಯಸಿ ಬಂದವರಿದ್ದಂತೆ, ಗತಿಯಿಲ್ಲದೆ ಬಂದವರೂ ಇದ್ದರು. ಗುಡ್ವಿನ್ ಎಂಬುವನು ಹೆಂಡತಿಯನ್ನೂ ಆರು ಮಕ್ಕಳನ್ನೂ ಕರೆದುಕೊಂಡು, ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೊರಟಿದ್ದ. ಅವರು ಗೊತ್ತು ಮಾಡಿಕೊಂಡಿದ್ದದ್ದು ಬೇರೊಂದು ಸಣ್ಣ ಹಡಗನ್ನು. ಮುಷ್ಕರದಿಂದ ಅದು ನಿಂತು ಹೋಯಿತು. ಟೈಟಾನಿಕ್ಕಿನ ಮೂರನೆಯ ದರ್ಜೆಯಲ್ಲಿ ಸ್ಥಳ ದೊರೆಯಿತು. ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೊನೆಯ ಕೂಸಿನ ಶವ ದೊರೆತರೂ ಗುರುತು ಸಿಕ್ಕದೆ, ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ‘ಅಜ್ಞಾತ ಶಿಶು’ ಎಂಬ ಬರಹದ ಕಲ್ಲಿನಡಿ ಮಲಗಿತು. ಅದು ಗುಡ್ವಿನ್ನರ ಮಗು ಸಿಡ್ನಿ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂದಾಗ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು. ಇತ್ತ ಅಮೆರಿಕದ ಚಾಕೊಲೇಟ್ ತಯಾರಕ ಮಿಲ್ಟನ್ ಹರ್ಷಿ ಟೈಟಾನಿಕ್ಕಿಗಾಗಿ 300 ಡಾಲರಿನ ಮುಂಗಡ ಚೆಕ್ಕನ್ನು ಕೊಟ್ಟಿದ್ದರೂ, ವ್ಯವಹಾರದ ತುರ್ತಿನಿಂದ ಬೇರೆ ಹಡಗಿನಲ್ಲಿ ಹೊರಟುಹೋದರು. ಮನಸ್ಸು ಬದಲಾಯಿಸುವ ಸೌಕರ್ಯ ಎಲ್ಲರಿಗೂ ಒಂದೇ ಬೆಲೆಗೆ ಸಿಕ್ಕುವುದಿಲ್ಲ.

ಏಪ್ರಿಲ್ 10ರ ಬೆಳಿಗ್ಗೆ ಆಕ್ಸ್‌ಫರ್ಡ್ ರಸ್ತೆಯ ‘ಗ್ರೇಪ್ಸ್’ ಎಂಬ ಪಾನಗೃಹದಲ್ಲಿ ಕೆಲವು ಕುಲುಮೆಯಾಳುಗಳು ಕುಡಿಯುತ್ತ ಕುಳಿತಿದ್ದರಂತೆ. ಹೊತ್ತಾಯಿತೆಂದು ಓಡೋಡಿ ಬರುವಾಗ ರೈಲೊಂದು ಅಡ್ಡ ಬಂದಿತು. ಮೂವರು ಸಹೋದರರು ರೈಲು ದಾಟಿ ಹೋಗಲೆಂದು ನಿಂತರು. ಧಕ್ಕೆಗೆ ಬರುವ ವೇಳೆಗೆ ಹಲಗೆಯನ್ನು ತೆಗೆದಾಗಿತ್ತು. ಎಷ್ಟು ಬೇಡಿಕೊಂಡರೂ ಹತ್ತಿಸಲಿಲ್ಲ. ಅಂದು ಅವರು ಕಳೆದುಕೊಂಡದ್ದು ಕೂಲಿಯನ್ನು, ಉಳಿಸಿಕೊಂಡದ್ದು ಪ್ರಾಣವನ್ನು.

ಹಡಗು ಧಕ್ಕೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಅದರ ಗಾತ್ರ ತನ್ನ ಮಹಿಮೆ ತೋರಿಸಿತು. ಅದು ಸರಿದ ರಭಸಕ್ಕೆ ಪಕ್ಕದಲ್ಲಿ ನಿಂತಿದ್ದ ‘ನ್ಯೂಯಾರ್ಕ್’ ಎಂಬ ಹಡಗಿನ ಹಗ್ಗಗಳು ಕಿತ್ತು, ಅದರ ಹಿಂಭಾಗ ಹೊಸ ಹಡಗಿನ ಮೈಮೇಲೆ ತೂರಿ ಬಂದಿತು. ‘ವಲ್ಕನ್’ ಎಂಬ ಟಗ್ ದೋಣಿ ಹಿಡಿದೆಳೆದದ್ದರಿಂದ ಸುಮಾರು ನಾಲ್ಕು ಅಡಿಗಳ ಅಂತರದಲ್ಲಿ ಅಪಾಯ ತಪ್ಪಿತು. ಇಷ್ಟು ದೊಡ್ಡ ಹಡಗು ಇಕ್ಕಟ್ಟಿನ ನೀರಿನಲ್ಲಿ ಹೇಗೆ ವರ್ತಿಸುತ್ತದೆಂಬ ಅನುಭವ ಇನ್ನೂ ಯಾರಿಗೂ ಬೇರೂರಿರಲಿಲ್ಲ.

ತವರಿನಿಂದ ಜೊತೆಗೆ ಬಂದವರ ಮಾತು ಇನ್ನು. ಹಡಗನ್ನು ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಾರ್ಖಾನೆ, ತನ್ನ ಮುಖ್ಯ ವಿನ್ಯಾಸಕಾರ ತಾಮಸ್ ಆಂಡ್ರ್ಯೂಸ್ ಸೇರಿ ಒಂಬತ್ತು ಜನರನ್ನು ಈ ಪಯಣಕ್ಕೆ ಕಳಿಸಿತ್ತು. ಎಲ್ಲಿ ನಲ್ಲಿ ಸೋರುತ್ತದೆ, ಎಲ್ಲಿ ಬಾಗಿಲು ಬಿಗಿಯಾಗಿದೆ ಎಂದು ನೋಡಿ ತಿದ್ದುವ ತಂಡ ಅದು. ಕೋಣೆಗಳಲ್ಲಿ ಟೋಪಿ ನೇತುಹಾಕುವ ಕೊಕ್ಕೆಗಳಿಗೆ ತಿರುಪು ಮೊಳೆಗಳು ಬೇಕಾದ್ದಕ್ಕಿಂತ ಹೆಚ್ಚಾಗಿವೆ ಎಂಬ ಸಣ್ಣ ಕುಂದು ಕೂಡ ಆಂಡ್ರ್ಯೂಸರ ಕಣ್ಣಿಗೆ ಬಿದ್ದಿತ್ತು. ಒಂಬತ್ತು ಜನರೂ ಹಡಗಿನೊಡನೆ ಹೋದರು.

ಹಾಗಾದರೆ ಟೈಟಾನಿಕ್ ಮುಳುಗಿದ್ದು ಅದರ ಮೊದಲ ಪಯಣವಾಗಿದ್ದುದರಿಂದಲೆ? ಹಾಗೆನ್ನುವುದು ನ್ಯಾಯವಲ್ಲ. ಹಿಮಗಡ್ಡೆಗಳಿವೆಯೆಂದು ತಿಳಿದೂ ವೇಗ ತಗ್ಗಿಸದಿದ್ದುದೇ ಕಾರಣವೆಂದು ಬ್ರಿಟಿಷ್ ತನಿಖೆ ತೀರ್ಮಾನಿಸಿತು; ಹಳೆಯ ಹಡಗಾದರೂ ಅದೇ ತಪ್ಪಿಗೆ ಅದೇ ಶಿಕ್ಷೆಯಾಗಬಹುದಿತ್ತು. ಆದರೆ ಹೊಸತನದ ಅಸ್ತವ್ಯಸ್ತತೆ ಅಲ್ಲಿಯೂ ಇತ್ತು. ಹೊರಡುವ ಮುನ್ನಾದಿನಗಳಲ್ಲಿ ಅಧಿಕಾರಿಗಳ ಸ್ಥಾನ ಬದಲಾಯಿಸಿದರು. ಎರಡನೆಯ ಅಧಿಕಾರಿಯಾಗಿದ್ದ ಡೇವಿಡ್ ಬ್ಲೇರ್ ಕೊನೆಯ ಗಳಿಗೆಯಲ್ಲಿ ಇಳಿಯಬೇಕಾಯಿತು. ಬೆಲ್‌ಫಾಸ್ಟಿನಿಂದ ಸೌತಾಂಪ್ಟನ್ನಿಗೆ ಬರುವಾಗ ಕೈಯಲ್ಲಿದ್ದ ದುರ್ಬೀನು ಅಲ್ಲಿಂದ ಮುಂದಕ್ಕೆ ಇರಲಿಲ್ಲವೆಂದು ಪಹರೆಯ ನಾವಿಕ ಫ್ರೆಡರಿಕ್ ಫ್ಲೀಟ್ ತನಿಖೆಯಲ್ಲಿ ನುಡಿದ. ಹೊಸ ಮನೆಗೆ ಹೊಕ್ಕ ವಾರದಲ್ಲಿ ದೀಪದ ಗುಂಡಿ ಯಾವ ಗೋಡೆಯಲ್ಲಿದೆಯೆಂದು ಕತ್ತಲಲ್ಲಿ ತಡವುವ ಅನುಭವ ಎಲ್ಲರಿಗೂ ಇದೆ. ಹಡಗಿನಲ್ಲಿ ಆ ತಡವಾಟ ಕೆಲವೊಮ್ಮೆ ದುಬಾರಿ.

ಅಂದು ಪ್ರಾಣ ಕಳೆದುಕೊಂಡವರು 1,500ಕ್ಕೂ ಹೆಚ್ಚು. ಅವರಲ್ಲಿ ಸೌತಾಂಪ್ಟನ್ನಿನವರೇ 549 ಜನರೆಂದು ಲೆಕ್ಕ. ಟಿಕೆಟ್ ಕೊಂಡವರಲ್ಲ, ಮುಷ್ಕರದ ದಿನಗಳಲ್ಲಿ ಸಿಕ್ಕಿದ ಕೆಲಸವನ್ನು ಭಾಗ್ಯವೆಂದು ಹಿಡಿದವರು. 2012ರ ಏಪ್ರಿಲ್ 10ರಂದು ಬಾಗಿಲು ತೆರೆದ ಸೀಸಿಟಿ ವಸ್ತುಸಂಗ್ರಹಾಲಯದ ನೆಲದ ಮೇಲೆ ನಗರದ ದೊಡ್ಡ ನಕಾಶೆಯೊಂದನ್ನು ಹಾಸಿ, ಸಾವಿನ ಸುದ್ದಿ ಮುಟ್ಟಿದ ಮನೆಗಳನ್ನು ಚುಕ್ಕೆಯಿಂದ ಗುರುತಿಸಿದ್ದಾರೆ. ಕೆಲವು ಬೀದಿಗಳಲ್ಲಿ ಚುಕ್ಕೆಗಳು ಒಂದಕ್ಕೊಂದು ತಾಗುತ್ತವೆ. ಕಾಲಿಡಲು ನೋಡುಗರು ಒಂದು ಕ್ಷಣ ಹಿಂಜರಿಯುವಂಥ ನೆಲ ಅದು.

ಆ ಮೇಲೆ ಕಾಯಿದೆಗಳು ಬದಲಾದವು, ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿಗಳು ಬಂದವು. ಚೊಚ್ಚಲ ಯಾನದಲ್ಲಿ ಪ್ರಾಣಭಯ ಹೋಗಿ, ಕಿರಿಕಿರಿಯ ಭಯ ಉಳಿಯಿತು. 1936ರ ಮೇ 27ರಂದು ಹೊರಟ ‘ಕ್ವೀನ್ ಮೇರಿ’ಯನ್ನು ಕಳಿಸಲು ಜನಸಾಗರವೇ ಸೇರಿತ್ತು. ದಾರಿಯಲ್ಲಿ ಮಂಜು ಕವಿದು ವೇಗದ ದಾಖಲೆ ಕೈತಪ್ಪಿತು. ಆಗಸ್ಟಿನಲ್ಲಿ, ಜನಜಂಗುಳಿಯೂ ವಾದ್ಯಗಳೂ ಇಲ್ಲದ ಸಾಮಾನ್ಯ ಪಯಣದಲ್ಲಿ, ಅದು ದೊರೆಯಿತು. ಕಡಲು ಕೆರಳಿದರೆ ಈ ರಾಣಿ ವಿಪರೀತವಾಗಿ ಹೊರಳುತ್ತಾಳೆಂಬುದು ಅನಂತರ ಗೊತ್ತಾಯಿತು. ಹೊರಳಾಟ ತಡೆಯುವ ರೆಕ್ಕೆಗಳನ್ನು ಜೋಡಿಸಿದ್ದು 1958ರಲ್ಲಿ!

‘ಕ್ವೀನ್ ಎಲಿಜಬೆತ್ 2’ ಹಡಗಿನದು ಬೇರೆಯೇ ಕಥೆ. ಅದರ ಮೊದಲ ಪಯಣಗಳಿಗೆ 1969ರ ಜನವರಿ ಗೊತ್ತಾಗಿತ್ತು. 1968ರ ಡಿಸೆಂಬರಿನ ಪರೀಕ್ಷಾ ಯಾನದಲ್ಲಿ ಟರ್ಬೈನುಗಳು ಕೆಟ್ಟವು. ಎಷ್ಟೋ ಕೋಣೆಗಳಲ್ಲಿ ಬಡಗಿಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಕ್ಯುನಾರ್ಡಿನವರು ಹಡಗನ್ನು ಒಪ್ಪಿಕೊಳ್ಳುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿ, ಗೊತ್ತಾಗಿದ್ದ ಪಯಣಗಳನ್ನು ರದ್ದು ಮಾಡಿದರು. ಪತ್ರಿಕೆಗಳು ನಕ್ಕವು. ಟಿಕೆಟ್ ಕೊಂಡವರು ಗೊಣಗಿದರು. ಆದರೂ ಪ್ರಯಾಣಿಕರಿಗೆ ಹಡಗಿನ ಕಂಪೆನಿ ಮಾಡಬಹುದಾದ ದೊಡ್ಡ ಉಪಕಾರ ಅದೇ. ಟರ್ಬೈನುಗಳನ್ನು ತಿದ್ದಿದ ಮೇಲೆ ಹಡಗು ಮೇ 2ರಂದು ಹೊರಟು, 7ರಂದು ನ್ಯೂಯಾರ್ಕಿನಲ್ಲಿ ಭವ್ಯವಾದ ಸ್ವಾಗತ ಪಡೆಯಿತು.

ತೀರ ಈಚಿನವರೆಗೂ ಊರವರು ನಗುತ್ತ ಹೇಳಿಕೊಳ್ಳುವುದು ‘ಅರೋರಾ’ದ ಪ್ರಸಂಗ. 2000ದ ಏಪ್ರಿಲ್ 27ರಂದು ರಾಜಕುಮಾರಿ ಆ್ಯನ್ ಅದಕ್ಕೆ ಹೆಸರಿಟ್ಟಾಗ, ಒಡೆಯಬೇಕಾಗಿದ್ದ ಷಾಂಪೇನ್ ಸೀಸೆ ಒಡೆಯದೆ ನೀರಿಗೆ ಬಿದ್ದಿತು. ತೆಂಗಿನಕಾಯಿ ಕೊಳೆತಿದ್ದರೆ ನಮ್ಮಲ್ಲಿ ಮುದುಕಿಯರು ಮಾಡುವ ಮುಖವನ್ನೇ ಅಲ್ಲಿನ ಮುದುಕ ನಾವಿಕರೂ ಮಾಡಿರಬೇಕು. ಮೇ 1ರಂದು ಹಡಗು ಮೆಡಿಟರೇನಿಯನ್ ಕಡೆಗೆ ಹೊರಟಿತು. ಬಿಸ್ಕೆ ಕೊಲ್ಲಿಗೆ ಬರುವಷ್ಟರಲ್ಲಿ ಪ್ರೊಪೆಲರಿನ ದಂಡಕ್ಕೆ ಆಧಾರವಾದ ಬೇರಿಂಗ್ ವಿಪರೀತ ಕಾದು, ಮುಂದೆ ಹೋಗಲಾಗದೆ ಸೌತಾಂಪ್ಟನ್ನಿಗೇ ಹಿಂದಿರುಗಬೇಕಾಯಿತು. ಎರಡು ವಾರದ ರಜಕ್ಕೆಂದು ಬಟ್ಟೆ ಕಟ್ಟಿಕೊಂಡು ಹೋದವರು ಪೆಟ್ಟಿಗೆ ಪೂರಾ ಬಿಚ್ಚುವ ಮೊದಲೇ ಮನೆಗೆ ಬಂದರು. ಕಂಪೆನಿ ಹಣವನ್ನೆಲ್ಲ ಹಿಂದಿರುಗಿಸಿ, ಇನ್ನೊಂದು ಯಾನವನ್ನು ಉಚಿತವಾಗಿ ಕೊಟ್ಟಿತು.

ಇದನ್ನು ಕೇಳಿ, ‘ನಷ್ಟವೇನಾಯಿತು? ಲಾಭವೇ ಆಯಿತಲ್ಲ!’ ಎನ್ನುವವರಿದ್ದಾರೆ. ಹಣದ ಲೆಕ್ಕದಲ್ಲಿ ಅದು ನಿಜ. ಆದರೆ ಆ ಎರಡು ವಾರಗಳ ರಜವನ್ನು ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತು ಪಡೆದವನಿಗೆ, ಮದುವೆಯ ನಲವತ್ತನೆಯ ವರ್ಷದ ದಿನವನ್ನು ಕಡಲಿನ ಮೇಲೆ ಕಳೆಯಬೇಕೆಂದು ಎಣಿಸಿದ ದಂಪತಿಗಳಿಗೆ, ಉಚಿತವಾದ ಇನ್ನೊಂದು ಟಿಕೆಟ್ ಆ ದಿನವನ್ನು ತಂದುಕೊಡಲಾರದು. ಕಾಹಿಲೆಯ ಹಿರಿಯರಿಗೆ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಯಾವಾಗಲೂ ಹಗುರವಾದದ್ದಲ್ಲ.

‘ಕ್ವೀನ್ ಆ್ಯನ್’ ಹಡಗಿನ ಮೊದಲ ಪಯಣ 2024ರ ಜನವರಿ 4ಕ್ಕೆ ಗೊತ್ತಾಗಿದ್ದು, ಕಾರ್ಖಾನೆಯ ಕೆಲಸ ಮುಗಿಯದೆ ಮೇ 3ಕ್ಕೆ ಹೋಯಿತು. ಸೌತಾಂಪ್ಟನ್ನಿನಿಂದ ಲಿಸ್ಬನ್ನಿಗೆ ಹೋಗಿ ಬರುವ ಏಳು ರಾತ್ರಿಗಳ ಯಾನ ಅದು. ಇಂಗ್ಲೆಂಡಿನ ನಿವಾಸಿಗೆ ನಾಲ್ಕು ತಿಂಗಳ ವಿಳಂಬವೆಂದರೆ ಬೇಸರ. ಬೆಂಗಳೂರಿನಿಂದ ಹೋಗುವವರಿಗೆ ಅದು ಬೇಸರಕ್ಕೆ ನಿಲ್ಲುವುದಿಲ್ಲ. ಭಾರತದ ಪಾಸ್‌ಪೋರ್ಟಿನವರು ಇಂತಹ ಯಾನಕ್ಕೆ ಬ್ರಿಟನ್ನಿನ ವೀಸಾ ಒಂದು, ಪೋರ್ಚುಗಲ್ ಇತ್ಯಾದಿ ದೇಶಗಳಿಗಾಗಿ ಷೆಂಗೆನ್ ವೀಸಾ ಇನ್ನೊಂದು ಪಡೆಯಬೇಕು. ಷೆಂಗೆನ್ ವೀಸಾದ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅಚ್ಚಾಗಿರುತ್ತದೆ. ಹಡಗಿನ ತಾರೀಖು ಸರಿದರೆ ವೀಸಾ ತಾನಾಗಿ ಸರಿಯುವುದಿಲ್ಲ. ಬ್ರಿಟನ್ನಿನಲ್ಲಿ ಮಾರುವ ಇಂತಹ ಯಾನಗಳನ್ನು ಕಂಪೆನಿಯೇ ರದ್ದು ಮಾಡಿದರೆ, 2018ರ ನಿಯಮಗಳಂತೆ ಹದಿನಾಲ್ಕು ದಿನಗಳೊಳಗೆ ಹಣ ಹಿಂದಿರುಗಿಸಬೇಕು. ಆದರೆ ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ಟು, ಬೇರೆಯಾಗಿ ಕಾದಿರಿಸಿದ ಹೋಟೆಲು ಆ ರಕ್ಷಣೆಯೊಳಗೆ ಬರುವುದಿಲ್ಲ. ದೂರದ ಯಾತ್ರಿಕನ ಖರ್ಚಿನಲ್ಲಿ ದೊಡ್ಡ ಪಾಲು ಇವೇ ಅಲ್ಲವೆ?

ಆದ್ದರಿಂದ ಬದುಕಿನಲ್ಲಿ ಒಂದೇ ಸಲ ಹಡಗಿನ ಯಾನ ಮಾಡಬೇಕೆಂದು ಹಣ ಕೂಡಿಸಿದವರು, ರಜದ ದಿನಗಳನ್ನು ಬೆರಳಿನಲ್ಲಿ ಎಣಿಸುವವರು, ಚೊಚ್ಚಲ ಯಾನದ ಗೋಜಿಗೆ ಹೋಗದಿರುವುದೇ ಲೇಸು. ಅದೇ ಹಡಗು ಮೂರು ನಾಲ್ಕು ತಿಂಗಳು ಓಡಾಡಿದ ಮೇಲೆ ಹತ್ತಿದರೆ, ಬಣ್ಣ ಹೊಸದಾಗಿಯೇ ಇರುತ್ತದೆ, ಬಡಿಸುವವನಿಗೆ ಊಟದ ಮನೆಯ ದಾರಿ ತಿಳಿದಿರುತ್ತದೆ. ಹತ್ತಾರು ಸಲ ಕಡಲು ದಾಟಿದವರು, ಕೆಲಸದಿಂದ ನಿವೃತ್ತರಾಗಿ ತಾರೀಖಿನ ಹಂಗಿಲ್ಲದವರು, ಲಿಫ್ಟು ನಿಂತರೂ ನಲ್ಲಿಯಲ್ಲಿ ಬಿಸಿನೀರು ಬಾರದಿದ್ದರೂ ಅದನ್ನು ನಾಳೆ ಹೇಳಬಹುದಾದ ಕಥೆಯೆಂದು ಎಣಿಸುವವರು ಧಾರಾಳವಾಗಿ ಹೋಗಬಹುದು. ಅಂಥವರಿಗೆ ಸಿಕ್ಕುವುದು ಬೇರಾರಿಗೂ ಸಿಕ್ಕದು. ಬಂದರು ಬಂದರಿನಲ್ಲಿ ವಾದ್ಯಗಳು, ನೀರಿನ ಕಾರಂಜಿ ಹಾರಿಸುವ ಟಗ್ ದೋಣಿಗಳು, ದಡದುದ್ದಕ್ಕೂ ಕೈಬೀಸುವ ಜನ.

ಹಳೆಯ ಹಡಗಾದರೆ ಎಲ್ಲವೂ ಸುಗಮವೆಂದು ಮಾತ್ರ ಯಾರೂ ತಿಳಿಯಬಾರದು. ಅದೇ ಅರೋರಾ 2005ರ ಜನವರಿಯಲ್ಲಿ, ಚೊಚ್ಚಲು ಕಳೆದು ಸುಮಾರು ಐದು ವರ್ಷಗಳಾದ ಮೇಲೆ, ಮೂರು ತಿಂಗಳಿಗೂ ಮೀರಿದ ಭೂಪ್ರದಕ್ಷಿಣೆಗೆ ಹೊರಡಬೇಕಾಗಿತ್ತು. ಯಂತ್ರದ ತೊಂದರೆಯಿಂದ ಸುಮಾರು ಹತ್ತು ದಿನ ಧಕ್ಕೆಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸುಳಿದಾಡಿ, ಕೊನೆಗೆ ಯಾನವೇ ರದ್ದಾಯಿತು.

ಕ್ವೀನ್ ಎಲಿಜಬೆತ್ 2 ಕೂಡ ಸುಮಾರು ನಲವತ್ತು ವರ್ಷ ದುಡಿದು, 2008ರ ನವೆಂಬರ್ 11ರ ಬೆಳಗಿನ ಜಾವ ಕೊನೆಯ ಸಲ ಈ ಬಂದರಿಗೆ ಬಂದಿತು. ನೂರಾರು ಸಲ ದಾಟಿದ ದಾರಿಯೇ. ಅಂದು ಮಾತ್ರ ಬ್ರ್ಯಾಂಬಲ್ ದಿಣ್ಣೆಯ ತಿರುವಿನಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಟಗ್ ದೋಣಿಗಳು ಬಂದವು, ಭರತದ ನೀರು ಏರುತ್ತಿತ್ತು, ಎಳೆದು ಬಿಡಿಸಿದರು. ಹಗಲಿನಲ್ಲಿ ವಿಮಾನವೊಂದು ಹಡಗಿನ ಮೇಲೆ ಕೆಂಪು ಪಾಪಿ ಹೂಗಳನ್ನು ಸುರಿಯಿತು. ರಾತ್ರಿ ಬಾಣಬಿರುಸಿನ ಬೆಳಕಿನಲ್ಲಿ, ದಡದ ತುಂಬ ನಿಂತ ಜನರ ಮುಂದೆ, ಹಡಗು ಮತ್ತೆ ಅದೇ ದಿಣ್ಣೆಯ ಪಕ್ಕದಿಂದ ಹಾದು ದುಬೈ ಕಡೆಗೆ ಹೊರಟಿತು.